ದೆಹಲಿಯ ಚಳಿಗಾಲ: ಹಿಮಾಲಯದ ಹಿಮ, ಬಯಲಿನ ಶೀತಗಾಳಿ

ಮುನ್ಸೂಚನೆ ನೀಡುವವರು: ಭಾರತೀಯ ಹವಾಮಾನ ಇಲಾಖೆ (ಸ್ಥಾಪನೆ 1875). ಕೇಂದ್ರ ಕಚೇರಿ ನವದೆಹಲಿಯ ಮೌಸಮ್ ಭವನ.

ಪಶ್ಚಿಮದ ಅಡಚಣೆಗಳು
- ಮೆಡಿಟರೇನಿಯನ್ ಸಮುದ್ರದ ಆಸುಪಾಸಿನಲ್ಲಿ ಹುಟ್ಟಿ, ಉಪೋಷ್ಣವಲಯದ ಪಶ್ಚಿಮ ಜೆಟ್ ಪ್ರವಾಹದೊಂದಿಗೆ ಪೂರ್ವಕ್ಕೆ ಸಾಗುತ್ತವೆ.
- ಜಮ್ಮು-ಕಾಶ್ಮೀರ, ಹಿಮಾಚಲ, ಉತ್ತರಾಖಂಡಗಳಲ್ಲಿ ಹಿಮ ಸುರಿಸುತ್ತವೆ. ದೆಹಲಿ ಸುತ್ತಮುತ್ತ ಹಗುರ ಮಳೆ ತರುತ್ತವೆ.
- ಈ ಮಳೆ ಹಿಂಗಾರಿನ ಗೋಧಿ, ಸಾಸಿವೆಗೆ ವರದಾನ.
- ಅಡಚಣೆ ಬರುವಾಗ ಮೋಡ ಕವಿದು ರಾತ್ರಿಯ ಉಷ್ಣಾಂಶ ಏರುತ್ತದೆ. ಅದು ದಾಟಿದ ಮೇಲೆ ಹಿಮಪರ್ವತಗಳ ಕಡೆಯಿಂದ ವಾಯವ್ಯದ ತಣ್ಣನೆಯ ಗಾಳಿ ಬೀಸಿ ಚಳಿ ಹೆಚ್ಚುತ್ತದೆ.

ಶೀತಗಾಳಿಯ ಮಾನದಂಡ
- ಬಯಲು: ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಕಡಿಮೆ ಇದ್ದು, ವಾಡಿಕೆಗಿಂತ 4.5ರಿಂದ 6.4 ಡಿಗ್ರಿ ಇಳಿಕೆ. ಅಥವಾ ಕನಿಷ್ಠ ಉಷ್ಣಾಂಶವೇ 4 ಡಿಗ್ರಿಗೆ ಇಳಿಯುವುದು.
- 2 ಡಿಗ್ರಿ ಅಥವಾ ಕಡಿಮೆಯಾದರೆ ತೀವ್ರ ಶೀತಗಾಳಿ.

ಮಂಜು, ಮಾಲಿನ್ಯ
- ಗೋಚರತೆ 1,000 ಮೀಟರ್‌ಗಿಂತ ಕಡಿಮೆಯಾದರೆ ಮಂಜು. 50 ಮೀಟರ್‌ಗಿಂತ ಕಡಿಮೆಯಾದರೆ ಅತಿ ದಟ್ಟ ಮಂಜು.
- ಉಷ್ಣಾಂಶ ವಿಲೋಮ: ನೆಲದ ಬಳಿಯ ತಂಪು ಗಾಳಿಯ ಮೇಲೆ ಬೆಚ್ಚನೆಯ ಪದರ ಕೂರುತ್ತದೆ, ಹೊಗೆ ಮೇಲೇರದೆ ಕೆಳಗೇ ಉಳಿಯುತ್ತದೆ.
- ಮಾಲಿನ್ಯ ಹೆಚ್ಚಿದಾಗ ರಾಜಧಾನಿ ವಲಯದಲ್ಲಿ ನಾಲ್ಕು ಹಂತಗಳ ಶ್ರೇಣೀಕೃತ ಪ್ರತಿಕ್ರಿಯಾ ಕ್ರಿಯಾಯೋಜನೆಯನ್ನು (ಗ್ರ್ಯಾಪ್) ವಾಯು ಗುಣಮಟ್ಟ ನಿರ್ವಹಣಾ ಆಯೋಗ ಜಾರಿಗೊಳಿಸುತ್ತದೆ.

ನೆನಪಿಡಿ: ದೆಹಲಿಯ ಸಫ್ದರ್‌ಜಂಗ್‌ನ ದಾಖಲೆ ಕನಿಷ್ಠ −0.6 ಡಿಗ್ರಿ (16 ಜನವರಿ 1935), ಬೆಂಗಳೂರಿನದು 7.8 ಡಿಗ್ರಿ (13 ಜನವರಿ 1884).

ಅಭ್ಯಾಸ ಪ್ರಶ್ನೆ: ಚಳಿಗಾಲದಲ್ಲಿ ವಾಯವ್ಯ ಭಾರತಕ್ಕೆ ಮಳೆ ತರುವುದು ಯಾವುದು?
ಉತ್ತರ: ಪಶ್ಚಿಮದ ಅಡಚಣೆಗಳು.

ಅಂಕಗಳಿಗಷ್ಟೇ ಓದಿ ಮರೆಯುವ ವಿಷಯ ಇದಲ್ಲ. ಸಕಾಲದ ಮುನ್ಸೂಚನೆಯಿಂದ ಬೀದಿಬದಿ ಮಲಗುವವರ ಜೀವ ಉಳಿಯುತ್ತದೆ.