ಮಣ್ಣಿನ ಐದು ರೂಪಗಳು

ಕೆಲವು ವರ್ಷಗಳ ಹಿಂದೆ ಕಸಬೆ ಡಿಗ್ರಜದಿಂದ ಹಳೆಯ ವಿದ್ಯಾರ್ಥಿಗಳೊಡನೆ ಕೊಲ್ಹಾಪುರದ ಸಮೀಪದ ಕನೇರಿ ಮಠಕ್ಕೆ ಹೋಗಿದ್ದೆನು. ಅಲ್ಲಿ 2007ರಲ್ಲಿ ಆರಂಭವಾದ ಸಿದ್ಧಗಿರಿ ಗ್ರಾಮಜೀವನ ಸಂಗ್ರಹಾಲಯವು ಹಿಂದಿನ ಹಳ್ಳಿಯ ಬಾಳನ್ನು ಆಳೆತ್ತರದ ಸಿಮೆಂಟಿನ ಪ್ರತಿಮೆಗಳಲ್ಲಿ ಕಣ್ಣಿಗೆ ಕಟ್ಟುವಂತೆ ತೋರಿಸುತ್ತದೆ. ರೈತ, ಕುಂಬಾರ, ಕಮ್ಮಾರ ಎಲ್ಲರೂ ಅಲ್ಲಿದ್ದಾರೆ. ಎತ್ತುಗಳ ಮುಂದೆ ನಿಂತಾಗ ಒಬ್ಬ ಶಿಷ್ಯನು, "ಗುರುಗಳೇ, ಇಂಥ ಎತ್ತುಗಳನ್ನು ನಾವು ಮನೆಯಲ್ಲೇ ಮಾಡುತ್ತಿದ್ದೆವಲ್ಲ!" ಎಂದನು. ಆ ಮಾತೇ ಈ ಲೇಖನಕ್ಕೆ ಮೂಲ.

ಕನೇರಿಯ ಎತ್ತು ಮಳೆಗೆ ಕರಗದು. ನಮ್ಮ ಮನೆಯ ಎತ್ತಾದರೋ ಕರಗಲೆಂದೇ ಹುಟ್ಟಿದ್ದು. ಉತ್ತರ ಕರ್ನಾಟಕದಿಂದ ಬಂದ ನಮ್ಮ ಹಿರಿಯರು ಮಳೆಗಾಲದಲ್ಲಿ ಐದು ಸಲ ಮಣ್ಣನ್ನು ಪೂಜಿಸುತ್ತಿದ್ದರು. ಪ್ರಕೃತಿಯೂ ಜನಪದ ಕಥೆಯೂ ಕೂಡಿದ ಕಲಾಪ್ರದರ್ಶನವು ಹೀಗೆ ಪ್ರತಿವರ್ಷ ಮನೆಯ ಜಗುಲಿಯ ಮೇಲೆಯೇ ನಡೆಯುತ್ತಿತ್ತು.

ಮೊದಲನೆಯದು ಮಣ್ಣೆತ್ತು. ಕಾರ ಹುಣ್ಣಿಮೆಯಂದು ಜೀವಂತ ಎತ್ತುಗಳಿಗೆ ಪೂಜೆಯಾದರೆ, ಮುಂದಿನ ಅಮಾವಾಸ್ಯೆಗೆ ಜೋಡಿ ಮಣ್ಣೆತ್ತು ಹಾಗೂ ಗೋದಲಿ ಮಾಡುತ್ತಾರೆ. ನಮ್ಮ ಭಾಗದ ಮರಾಠಿ ಬಂಧುಗಳು ಕಾರ ಹುಣ್ಣಿಮೆಯನ್ನು 'ಕರ್ನಾಟಕಿ ಬೇಂದೂರ' ಎಂದೇ ಕರೆಯುತ್ತಾರೆ. ಎರಡನೆಯದು ಗುಳ್ಳವ್ವ: ಆಷಾಢದ ಮಂಗಳವಾರಗಳಲ್ಲಿ ಹೆಣ್ಣುಮಕ್ಕಳು ಮಾಡಿ, ಕಾಳುಗಳಿಂದ ಸಿಂಗರಿಸುವ ದೇವಿ. ಮೂರನೆಯದು ಶ್ರಾವಣದ ಪಂಚಮಿಯ ನಾಗಪ್ಪ. ನಮ್ಮ ಜಿಲ್ಲೆಯ ಬತ್ತೀಸ ಶಿರಾಳೆಯು ಜೀವಂತ ನಾಗಗಳ ಪೂಜೆಗೆ ಹೆಸರಾಗಿತ್ತು. ನಮ್ಮ ಮನೆಗಳಲ್ಲಿ ಹುತ್ತದ ಮಣ್ಣೇ ನಾಗಪ್ಪನಾಗುತ್ತಿತ್ತು. ನಾಲ್ಕನೆಯವನು ಭಾದ್ರಪದ ಚೌತಿಯ ಗಣಪ.

ಐದನೆಯವನಾದ ಜೋಕುಮಾರನನ್ನು ಇಂದಿನ ಮಕ್ಕಳು ಅರಿಯರು. ಭಾದ್ರಪದ ಶುದ್ಧ ಅಷ್ಟಮಿಯಂದು ಹುಟ್ಟಿ ಹುಣ್ಣಿಮೆಗೆ ಮಡಿಯುವ ಇವನನ್ನು ಬುಟ್ಟಿಯಲ್ಲಿ ಬೇವಿನ ಎಲೆಗಳ ನಡುವೆ ಕೂರಿಸಿ, ಹೆಂಗಸರು ಹಾಡುತ್ತ ಮನೆಮನೆಗೆ ಹೊತ್ತು ತರುತ್ತಾರೆ. ಕಡುಬು ತಿಂದು ಹೋದ ಗಣಪನು ಶಿವನಿಗೆ "ಭೂಲೋಕ ಸುಖವಾಗಿದೆ" ಎನ್ನುತ್ತಾನಂತೆ. ಬಡವರ ಸಂಕಟ ಕಂಡ ಜೋಕುಮಾರನೇ ನಿಜ ಹೇಳಿ ಮಳೆ ತರಿಸುತ್ತಾನಂತೆ. ಬರದ ನಾಡು ಕಟ್ಟಿದ ಕಥೆಯಿದು.

ಇಲ್ಲಿ ನನ್ನದೊಂದು ತಪ್ಪನ್ನು ಅರಿಕೆ ಮಾಡಿಕೊಳ್ಳಬೇಕು. ನಾನು ಹೊಸದಾಗಿ ಶಿಕ್ಷಕನಾಗಿದ್ದಾಗ, ಒಂದು ಮಂಗಳವಾರ ಬಾಲಕಿಯೊಬ್ಬಳು ಮಣ್ಣಾದ ಕೈಗಳಿಂದ ತಡವಾಗಿ ತರಗತಿಗೆ ಬಂದಳು. ಕಾರಣ ಕೇಳದೆ ಹೊರಗೆ ನಿಲ್ಲಿಸಿದೆನು. ಅವಳು ಗುಳ್ಳವ್ವನನ್ನು ಮಾಡಿ ಬಂದಿದ್ದಳೆಂದು ತಿಳಿದದ್ದು ಸಂಜೆ. ಮರುವರ್ಷದ ಆಷಾಢದಲ್ಲಿ ಅವಳ ಕೈ ಸ್ವಚ್ಛವಾಗಿತ್ತು. ಶಿಸ್ತು ಕಲಿಸಿದೆನೆಂದು ಆಗ ಹೆಮ್ಮೆಪಟ್ಟೆನು. ಒಂದು ವಿದ್ಯೆಯನ್ನೇ ತೊಳೆಸಿದೆನೆಂಬ ಅರಿವು ಬಹಳ ತಡವಾಗಿ ಬಂದಿತು.

ಸಿಮೆಂಟಿನ ಪ್ರತಿಮೆಯನ್ನು ಒಮ್ಮೆ ಮಾಡಿದರೆ ಸಾಕು, ಅದು ತಾನೇ ಉಳಿಯುತ್ತದೆ. ಮಣ್ಣಿನ ಮೂರ್ತಿ ಕರಗುವುದರಿಂದಲೇ ಮರುವರ್ಷ ಮತ್ತೊಂದು ಕೈ ಅದನ್ನು ಕಲಿಯಲೇಬೇಕು. ಇಲ್ಲಿ ಉಳಿಯಬೇಕಾದುದು ಮೂರ್ತಿಯಲ್ಲ, ಮಾಡುವ ಕೈ ಮತ್ತು ಹೇಳುವ ಬಾಯಿ. ಅಂಗಡಿಯ ಬಣ್ಣದ ಮೂರ್ತಿ ತಂದ ಮನೆಯಲ್ಲಿ ಹಬ್ಬವೇನೋ ಉಳಿದೀತು. ಗೋದಲಿ, ಗುಳ್ಳವ್ವ ಎಂಬ ಮಾತುಗಳು ಉಳಿಯಲಾರವು. ಗಡಿಯಾಚೆ ಬಾಳುವ ನಮಗೆ ಈ ನಷ್ಟ ಇಮ್ಮಡಿಯಾದುದು.

ಆದುದರಿಂದ ಮಕ್ಕಳಿಗೆ ಒಂದು ಅಭ್ಯಾಸ ಕೊಡುತ್ತೇನೆ. ಕೃಷ್ಣೆಯ ದಂಡೆಯ ಕರಿಮಣ್ಣು ತಂದು ನೆನೆಹಾಕಿರಿ. ಹರಳು ತೆಗೆದು ಚೆನ್ನಾಗಿ ಮಿದಿಯಿರಿ. ಒಂದು ಜೊತೆ ಎತ್ತು ಮಾಡಿ ನೆರಳಿನಲ್ಲಿ ಒಣಗಿಸಿರಿ. ಕರಿಮಣ್ಣು ಒಣಗುವಾಗ ಕುಗ್ಗುವುದರಿಂದ ಬಿಸಿಲಿಗಿಟ್ಟರೆ ಬಿರುಕು ಬಿಡುತ್ತದೆ. ಅವು ಒಣಗುವಷ್ಟರಲ್ಲಿ ಅಜ್ಜಿಯಿಂದ ಜೋಕುಮಾರನ ಕಥೆ ಕೇಳಿಕೊಳ್ಳಿರಿ. ಮಣ್ಣಾದ ಕೈಯಿಂದ ಶಾಲೆಗೆ ಬಂದರೆ ಯಾರೂ ಹೊರಗೆ ನಿಲ್ಲಿಸದಿರಲಿ ಎಂಬುದು ಈ ಸುವರ್ಣ ಮಹೋತ್ಸವದಲ್ಲಿ ಹಳೆಯ ಶಿಕ್ಷಕನೊಬ್ಬನ ಬಿನ್ನಹ.