ಬಚ್ಚಲುಮನೆಯ ಬಣ್ಣಕ್ಕೊಂದು ವಾರ್ಷಿಕ ಲೆಕ್ಕ

ಮನೆಯ ದುರಸ್ತಿ ಖರ್ಚುಗಳಲ್ಲಿ ಬಚ್ಚಲುಮನೆಯ ಬಣ್ಣದ ಬಾಬ್ತು ಮೊತ್ತದಲ್ಲಿ ಚಿಕ್ಕದಾದರೂ ಮರಳಿ ಮರಳಿ ಎದುರಾಗುವಂಥದ್ದಾದ್ದರಿಂದ, ಅದನ್ನು ಲೀಟರಿನ ದರದಿಂದ ಅಳೆಯದೆ ವಾರ್ಷಿಕ ವೆಚ್ಚದಿಂದ, ಅಂದರೆ ಒಂದು ಸಲದ ಒಟ್ಟು ಖರ್ಚನ್ನು ಆ ಕೆಲಸ ಬಾಳಿದ ವರ್ಷಗಳಿಂದ ಭಾಗಿಸಿ ಬರುವ ಮೊತ್ತದಿಂದ ಅಳೆಯುವುದು ಸರಿಯಾದ ಕ್ರಮ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಗೆದ ಬಟ್ಟೆಯೇ ಒಣಗದ ಕರಾವಳಿ, ಮಲೆನಾಡು ಮತ್ತು ಕೊಡಗಿನ ಮನೆಗಳಲ್ಲಿ ಈ ಎರಡು ಅಳತೆಗಳ ನಡುವಿನ ಅಂತರ ಎದ್ದು ಕಾಣುತ್ತದೆ. ಕರಾವಳಿಯ ಜಂಬಿಟ್ಟಿಗೆ ಮನೆಯೊಂದರ ದುರಸ್ತಿ ವೆಚ್ಚವನ್ನು ಬಾಬ್ತುವಾರು ಬರೆದಿಡುತ್ತ ಬಂದಿರುವ ಪ್ರಸ್ತುತ ಅಂಕಣಕಾರರ ಅನುಭವವೂ ಇದನ್ನೇ ಸಮರ್ಥಿಸುತ್ತದೆ: ಬಚ್ಚಲುಮನೆಯ ಮಟ್ಟಿಗೆ ಕೂಲಿ ಮತ್ತು ಗೋಡೆಯ ಸಿದ್ಧತೆಯ ಖರ್ಚೇ ಪ್ರತಿ ಸಲವೂ ಬಣ್ಣದ ಖರ್ಚಿಗಿಂತ ಹೆಚ್ಚಾಗಿದೆ.

ಇದಕ್ಕೆ ಕಾರಣ ಸರಳವಾದ ಗಣಿತದಲ್ಲಿದೆ. 5 ಅಡಿ ಅಗಲ, 7 ಅಡಿ ಉದ್ದ, 9 ಅಡಿ ಎತ್ತರದ ಬಚ್ಚಲುಮನೆಯಲ್ಲಿ ಟೈಲ್ಸ್ 7 ಅಡಿಯವರೆಗೆ ಇದ್ದರೆ, ಬಣ್ಣ ಬೇಕಾಗುವುದು ಮೇಲಿನ 2 ಅಡಿಯ 48 ಚದರ ಅಡಿ ಗೋಡೆಗೆ ಮತ್ತು 35 ಚದರ ಅಡಿ ತಾರಸಿಯ ಒಳಮೈಗೆ, ಒಟ್ಟು 83 ಚದರ ಅಡಿಗೆ ಮಾತ್ರ. ಟೈಲ್ಸ್ 4 ಅಡಿಗೇ ನಿಲ್ಲುವ ಹಳೆಯ ಮನೆಗಳಲ್ಲಿಯೂ ಬಾಗಿಲು ಕಿಟಕಿಗಳನ್ನು ಕಳೆದರೆ ಉಳಿಯುವುದು ಸುಮಾರು 140 ಚದರ ಅಡಿ. ಎರಡು ಕೋಟ್ ಸೇರಿ ಲೀಟರಿಗೆ 60ರಿಂದ 75 ಚದರ ಅಡಿ ಸಾಗುತ್ತದೆಂದು ಎಣಿಸಿದರೆ, ಮೊದಲನೆಯದಕ್ಕೆ ಒಂದೂಕಾಲು ಲೀಟರ್, ಎರಡನೆಯದಕ್ಕೆ ಎರಡು ಲೀಟರಿಗೆ ತುಸು ಹೆಚ್ಚು ಬಣ್ಣ ಸಾಕು. ಅಗ್ಗದ ಬಣ್ಣಕ್ಕೂ ಉತ್ತಮ ಬಣ್ಣಕ್ಕೂ ಲೀಟರಿಗೆ 300 ರೂಪಾಯಿಯ ವ್ಯತ್ಯಾಸವಿದೆಯೆಂದು ಇಟ್ಟುಕೊಂಡರೂ, ಒಟ್ಟು ಹೊರೆ 400ರಿಂದ 700 ರೂಪಾಯಿಯ ಆಸುಪಾಸಿನಲ್ಲಿ ನಿಲ್ಲುತ್ತದೆ; ಕೂಲಿಯಾದರೋ ಎರಡಕ್ಕೂ ಒಂದೇ.

ಸಿದ್ಧತೆ ಮತ್ತು ಕೂಲಿಗೆ 4,500 ರೂಪಾಯಿ ತಗಲುವ ಮನೆಯೊಂದನ್ನು ಉದಾಹರಣೆಗಾಗಿ ಕಲ್ಪಿಸಿಕೊಂಡರೆ, 500 ರೂಪಾಯಿಯ ಬಣ್ಣ ಬಳಸಿ ಎರಡು ವರ್ಷ ಬಾಳಿದ ಕೆಲಸಕ್ಕೆ ವಾರ್ಷಿಕ ವೆಚ್ಚ 2,500 ರೂಪಾಯಿ ಆಗುತ್ತದೆ, 1,100 ರೂಪಾಯಿಯ ಬಣ್ಣ ಬಳಸಿ ನಾಲ್ಕು ವರ್ಷ ಬಾಳಿದ ಕೆಲಸಕ್ಕೆ 1,400 ರೂಪಾಯಿ ಮಾತ್ರ ಆಗುತ್ತದೆ. ಆದರೆ ಬಾಳಿಕೆಯನ್ನು ಬಣ್ಣವೊಂದೇ ನಿರ್ಧರಿಸುವುದಿಲ್ಲವಾದ್ದರಿಂದ, ಹಣ ತೆಗೆದಿಡುವ ಮುನ್ನ ಗೋಡೆಗೆ ತೇವ ಎಲ್ಲಿಂದ ಬರುತ್ತಿದೆಯೆಂಬುದನ್ನು ತಿಳಿಯುವುದು ಅವಶ್ಯ.

ತೇವದ ಮೂಲಗಳು ಮುಖ್ಯವಾಗಿ ಎರಡು. ಮೊದಲನೆಯದು ಗಾಳಿಯಲ್ಲಿರುವ ನೀರಾವಿ ತಂಪಾದ ಮೇಲ್ಮೈಯ ಮೇಲೆ ಹನಿಗಟ್ಟುವ ಸಾಂದ್ರೀಕರಣ. ಯಾವ ಉಷ್ಣತೆಯಲ್ಲಿ ಹೀಗೆ ಹನಿಗಟ್ಟಲು ತೊಡಗುತ್ತದೆಯೋ ಅದನ್ನು ಇಬ್ಬನಿ ಬಿಂದು ಎನ್ನುತ್ತಾರೆ. 30 ಡಿಗ್ರಿ ಸೆಲ್ಸಿಯಸ್ ಉಷ್ಣತೆಯ ಗಾಳಿಯಲ್ಲಿ ಸಾಪೇಕ್ಷ ಆರ್ದ್ರತೆ ಶೇಕಡಾ 80 ಇದ್ದರೆ ಇಬ್ಬನಿ ಬಿಂದು ಸುಮಾರು 26 ಡಿಗ್ರಿ ಆಗಿರುತ್ತದೆ, ಅಂದರೆ ಬಿಸಿನೀರಿನ ಸ್ನಾನದ ಆವಿ ಸೇರುವ ಮೊದಲೇ ಗಾಳಿಯು ನೀರಿಳಿಸುವ ಹಂತಕ್ಕೆ ಹತ್ತಿರವಾಗಿರುತ್ತದೆ. ಎರಡನೆಯದು ಗೋಡೆಯ ಒಳಗಿನಿಂದಲೇ ಬರುವ ನೀರು: ಸೋರುವ ಕೊಳವೆ, ಮೇಲಿನ ಮಹಡಿಯ ಬಚ್ಚಲು, ಅಥವಾ ಮಳೆಯ ಕಡೆಗೆ ಮುಖ ಮಾಡಿದ, ನೀರು ಹೀರುವ ಜಂಬಿಟ್ಟಿಗೆಯ ಹೊರಗೋಡೆ ಇದಕ್ಕೆ ಕಾರಣವಾಗಬಹುದು. ಇವುಗಳಲ್ಲಿ ಯಾವುದೆಂದು ತಿಳಿಯಲು ಗೋಡೆಯ ಮೇಲ್ಮೈಯನ್ನು ಒರೆಸಿ, ಒಂದು ಚದರ ಅಡಿಯ ಪ್ಲಾಸ್ಟಿಕ್ ಹಾಳೆಯ ನಾಲ್ಕೂ ಅಂಚುಗಳನ್ನು ಟೇಪಿನಿಂದ ಬಿಗಿಯಾಗಿ ಅಂಟಿಸಿ ಒಂದು ದಿನ ಬಿಡಬೇಕು. ಹನಿಗಳು ಹಾಳೆಯ ಒಳಮೈಯಲ್ಲಿ ಕಂಡರೆ ನೀರು ಗೋಡೆಯೊಳಗಿದೆ, ಹೊರಮೈಯಲ್ಲಿ ಕಂಡರೆ ಅದು ಗಾಳಿಯದ್ದು. ಗೋಡೆಯೊಳಗಿನ ನೀರನ್ನು ಪ್ಲಂಬರ್ ಅಥವಾ ಗಾರೆ ಮೇಸ್ತ್ರಿಯಿಂದ ನಿಲ್ಲಿಸದೆ ಬಣ್ಣ ಬಳಿದರೆ, ಎಷ್ಟೇ ದುಬಾರಿ ಬಣ್ಣವಾದರೂ ಗುಳ್ಳೆ ಎದ್ದು, ಉಪ್ಪು ಬಿಟ್ಟು, ಹಾಕಿದ ಹಣವೆಲ್ಲ ಹಪ್ಪಳೆಯಾಗಿ ಉದುರುತ್ತದೆ.

ಬಣ್ಣದ ಆಯ್ಕೆಗೆ ಅದರ ರಚನೆಯ ಅರಿವು ನೆರವಾಗುತ್ತದೆ. ಯಾವುದೇ ಬಣ್ಣದಲ್ಲಿ ರಂಗು ಮತ್ತು ಮುಚ್ಚುವ ಶಕ್ತಿ ಕೊಡುವ ಪುಡಿ, ಆ ಪುಡಿಯನ್ನು ಹಿಡಿದು ಪದರವಾಗಿಸುವ ಬಂಧಕ, ಇವೆರಡನ್ನೂ ಹರಡಲು ಬೇಕಾದ ದ್ರವ ಮತ್ತು ಅಲ್ಪ ಪ್ರಮಾಣದ ಪೂರಕ ರಾಸಾಯನಿಕಗಳು ಇರುತ್ತವೆ. ಪುಡಿ ಹೆಚ್ಚಾಗಿ ಬಂಧಕ ಕಡಿಮೆಯಾದಷ್ಟೂ ಪದರದಲ್ಲಿ ಸೂಕ್ಷ್ಮ ರಂಧ್ರಗಳು ಉಳಿದು ತೇವ ಒಳಸೇರುತ್ತದೆ. ಡಿಸ್ಟೆಂಪರ್ ಅಗ್ಗವಾಗಿರುವುದೂ ಬಚ್ಚಲಿಗೆ ಒಗ್ಗದಿರುವುದೂ ಇದೇ ಕಾರಣಕ್ಕೆ. ಹೊಳಪಿಲ್ಲದ ಮ್ಯಾಟ್ ಬಣ್ಣಗಳು ನುಣುಪು ಹೊಳಪಿನ ಬಣ್ಣಗಳಿಗಿಂತ ಬೇಗ ಕಲೆ ಹಿಡಿಯುವುದಕ್ಕೂ ಸಾಮಾನ್ಯವಾಗಿ ಇದೇ ಕಾರಣ. ಎಣ್ಣೆ ಆಧಾರಿತ ಎನಾಮೆಲ್ ನೀರನ್ನು ತಡೆಯುತ್ತದೆಯಾದರೂ, ಕ್ಷಾರಗುಣ ಇಳಿಯದ ಹೊಸ ಸಿಮೆಂಟ್ ಗಾರೆಯ ಮೇಲೆ ಬಳಿದಾಗ ಅದರ ಎಣ್ಣೆ ಸಾಬೂನಾಗಿ ಮಾರ್ಪಟ್ಟು ಪದರ ಸಡಿಲವಾಗುತ್ತದೆ. ಆದ್ದರಿಂದ ಬೂಷ್ಟುನಿರೋಧಕ ರಾಸಾಯನಿಕ ಸೇರಿಸಿದ, ತಕ್ಕಮಟ್ಟಿನ ಹೊಳಪುಳ್ಳ ಅಕ್ರಿಲಿಕ್ ಎಮಲ್ಷನ್ ಬಹುಪಾಲು ಬಚ್ಚಲುಮನೆಗಳಿಗೆ ತಕ್ಕ ಆಯ್ಕೆ. ಆ ರಾಸಾಯನಿಕವು ಕಾಲಕ್ರಮದಲ್ಲಿ ತೊಳೆದುಹೋಗುವುದರಿಂದ ಅದನ್ನು ಶಾಶ್ವತ ರಕ್ಷಣೆಯೆಂದು ಎಣಿಸುವಂತಿಲ್ಲ. ಹಿಂದಿನವರು ಪ್ರತಿ ವರ್ಷ ಬಳಿಯುತ್ತಿದ್ದ ಸುಣ್ಣವು ತನ್ನ ತೀವ್ರ ಕ್ಷಾರಗುಣದಿಂದ ಬೂಷ್ಟನ್ನು ತಡೆಯುವ ಪದಾರ್ಥವಾಗಿದ್ದು, ಮನೆಯವರೇ ಬಳಿದುಕೊಳ್ಳುವಲ್ಲಿ ಇಂದಿಗೂ ಮಿತವ್ಯಯದ ದಾರಿಯೇ ಆಗಿದೆ.

ಸಿದ್ಧತೆಯ ಹಂತದಲ್ಲಿ ಮಾಡುವ ಉಳಿತಾಯವೇ ಅತ್ಯಂತ ದುಬಾರಿಯಾದ ಉಳಿತಾಯ. ಬೂಷ್ಟಿನ ಮೇಲೆಯೇ ಬಣ್ಣ ಬಳಿದರೆ ಅದು ಹೊಸ ಪದರದಡಿಯಿಂದ ಮತ್ತೆ ಮೇಲೇಳುತ್ತದೆಯಾದ್ದರಿಂದ, ನೀರಿನಲ್ಲಿ ಕದಡಿದ ಬ್ಲೀಚಿಂಗ್ ಪೌಡರ್‌ನಿಂದ ಗೋಡೆಯನ್ನು ತೊಳೆದು, ಸ್ವಲ್ಪ ಹೊತ್ತು ಬಿಟ್ಟು, ಶುದ್ಧ ನೀರಿನಿಂದ ಮತ್ತೆ ತೊಳೆಯಬೇಕು. ಆಗ ಕೈಗವಸು ಧರಿಸಿ ಕಿಟಕಿ ತೆರೆದಿರಬೇಕು. ಬ್ಲೀಚಿಂಗ್ ಪೌಡರ್ ಜೊತೆಗೆ ಆ್ಯಸಿಡ್ ಅಥವಾ ಟಾಯ್ಲೆಟ್ ಕ್ಲೀನರ್ ಎಂದಿಗೂ ಬೆರೆಯಬಾರದು, ಏಕೆಂದರೆ ಆ ಮಿಶ್ರಣದಿಂದ ವಿಷಕಾರಿ ಕ್ಲೋರಿನ್ ಅನಿಲ ಹೊಮ್ಮುತ್ತದೆ. ಹಳೆಯ ಎನಾಮೆಲ್ ಇರುವ ಗೋಡೆಯನ್ನು ಒಣಗಿದ ಸ್ಥಿತಿಯಲ್ಲಿ ಉಜ್ಜದೆ ನೀರು ಚಿಮುಕಿಸಿ ಉಜ್ಜುವುದು ಕ್ಷೇಮ. ಮನೆಬಳಕೆಯ ಬಣ್ಣಗಳಲ್ಲಿ ಸೀಸದ ಪ್ರಮಾಣ 90 ಪಿಪಿಎಂ, ಅಂದರೆ ಹತ್ತು ಲಕ್ಷ ಭಾಗಕ್ಕೆ 90 ಭಾಗ ಮೀರಬಾರದೆಂಬ ನಿಯಮ ಭಾರತದಲ್ಲಿ 2017ರ ನವೆಂಬರ್‌ನಿಂದ ಜಾರಿಗೆ ಬಂದುದರಿಂದ, ಅದಕ್ಕೂ ಹಿಂದಿನ ಪದರಗಳ ಧೂಳಿನಲ್ಲಿ ಸೀಸವಿರುವ ಸಾಧ್ಯತೆ ಉಂಟು. ಗೋಡೆ ಪೂರ್ತಿ ಒಣಗಿದ ಮೇಲೆ ತಗ್ಗುಗಳಿಗೆ ಪ್ಲಾಸ್ಟರ್ ಆಫ್ ಪ್ಯಾರಿಸ್ ಬಳಸದೆ ಬಿಳಿ ಸಿಮೆಂಟ್ ಆಧಾರಿತ ಪುಟ್ಟಿ ಹಾಕಿ, ಪ್ರೈಮರ್ ಬಳಿದು, ನಂತರ ಬಣ್ಣದ ಎರಡು ತೆಳುವಾದ ಕೋಟ್‌ಗಳನ್ನು ನಡುವೆ ಸಾಕಷ್ಟು ಬಿಡುವು ಕೊಟ್ಟು ಬಳಿಯಬೇಕು.

ಕಾಲದ ಆಯ್ಕೆಗೆ ಹಣ ಬೇಡವಾದರೂ ಬಾಳಿಕೆಯಲ್ಲಿ ಅದರ ಪಾಲು ದೊಡ್ಡದು. ಎಮಲ್ಷನ್‌ನಲ್ಲಿರುವ ನೀರು ಆರಿಹೋದಾಗಲೇ ಬಂಧಕದ ಕಣಗಳು ಒಂದಕ್ಕೊಂದು ಬೆಸೆದು ಪದರವಾಗುವುದರಿಂದ, ತುಂಬು ಮಳೆಗಾಲದಲ್ಲಿ ಬಳಿದ ಬಣ್ಣ ಸರಿಯಾಗಿ ಗಟ್ಟಿಯಾಗುವುದಿಲ್ಲ. ಚೌತಿಗೆ ಮುಂಚೆ ಮನೆಗೆ ಬಣ್ಣವಾಗಬೇಕೆಂಬ ರೂಢಿಯಿರುವಲ್ಲಿಯೂ ಬಚ್ಚಲುಮನೆಯ ಕೆಲಸವನ್ನು ಡಿಸೆಂಬರ್‌ನಿಂದ ಏಪ್ರಿಲ್‌ವರೆಗಿನ ಒಣ ತಿಂಗಳುಗಳಿಗೆ ಇಟ್ಟುಕೊಳ್ಳುವುದು ಲಾಭದಾಯಕ.

ಬಣ್ಣ ಬಳಿದ ನಂತರದ ರಕ್ಷಣೆ ಎಕ್ಸಾಸ್ಟ್ ಫ್ಯಾನಿನದು. 30 ವಾಟ್‌ನ ಫ್ಯಾನನ್ನು ದಿನಕ್ಕೆ ಒಂದು ಗಂಟೆ ಓಡಿಸಿದರೆ ವರ್ಷಕ್ಕೆ ಸುಮಾರು 11 ಯೂನಿಟ್ ವಿದ್ಯುತ್ ಖರ್ಚಾಗುತ್ತದೆ. ಯೂನಿಟ್ಟಿಗೆ 6 ರೂಪಾಯಿಯಂತೆ ಎಣಿಸಿದರೆ ಅದು 66 ರೂಪಾಯಿ. ಸಾವಿರಾರು ರೂಪಾಯಿಯ ಕೆಲಸವನ್ನು ಕಾಯುವ ಇಷ್ಟು ಅಗ್ಗದ ಸಾಧನ ಮನೆಯಲ್ಲಿ ಬೇರೊಂದು ಸಿಗುವುದು ಕಷ್ಟ.

ಆದುದರಿಂದ ಖರ್ಚಿನ ಸರದಿಯು ಸೋರಿಕೆಯ ದುರಸ್ತಿ, ಗಾಳಿಯಾಟ, ಗೋಡೆಯ ಸಿದ್ಧತೆ, ಕೊನೆಗೆ ಬಣ್ಣ ಎಂಬಂತೆ ಇರಬೇಕು. ಪೇಂಟರ್ ಚದರ ಅಡಿಗೆ ಇಷ್ಟೆಂದು ಒಂದೇ ಮಾತಿನಲ್ಲಿ ದರ ಹೇಳಿದಾಗ, ಕೆರೆಯುವುದು, ಬೂಷ್ಟು ತೊಳೆಯುವುದು, ಪುಟ್ಟಿ, ಪ್ರೈಮರ್, ಬಣ್ಣ ಮತ್ತು ಕೂಲಿ ಎಂದು ಬಿಡಿಬಿಡಿಯಾಗಿ ಬರೆಸಿಕೊಳ್ಳುವುದು ಗೃಹಸ್ಥರ ಹಕ್ಕು. ದರ ಇಳಿಸುವಂತೆ ಕೇಳಿದಾಗ ಸಾಮಾನ್ಯವಾಗಿ ಸದ್ದಿಲ್ಲದೆ ಕಳೆದುಹೋಗುವುದು ಮೊದಲ ಎರಡು ಬಾಬ್ತುಗಳು. ಚೌಕಾಸಿಯಲ್ಲಿ ಬಿಟ್ಟುಕೊಡಬಾರದವೂ ಅವೇ.