ಅಪ್ಪನ ವೈನರಿ ಮುಚ್ಚಬೇಕೇ?

ನಿಮ್ಮ ಪತ್ರ ಓದಿ ಸಂಕಟವಾಯಿತಮ್ಮ. ನಂದಿ ಕಣಿವೆಯಲ್ಲಿ ಅಪ್ಪ ಕಟ್ಟಿದ ವೈನರಿಯನ್ನು ಮುಚ್ಚುವ ಮಾತು ಈಗಲೇ ಬೇಡ. ದುಡ್ಡು ಎಲ್ಲಿ ಸಿಕ್ಕಿಕೊಂಡಿದೆ ನೋಡಿ. ಶಿರಾಜ್‌ನಂಥ ಕೆಂಪು ವೈನ್ ಓಕ್ ಪೀಪಾಯಿಯಲ್ಲಿ ವರ್ಷಗಟ್ಟಲೆ ಮಾಗುವಾಗ ಬ್ಯಾಂಕಿನ ಬಡ್ಡಿ ಓಡುತ್ತಲೇ ಇರುತ್ತದೆ. ಶೆನಿನ್ ಬ್ಲಾಂಕ್‌ನಂಥ ಬಿಳಿ ವೈನ್ ಸ್ಟೀಲ್ ಟ್ಯಾಂಕಿನಲ್ಲೇ ತಯಾರಾಗಿ ಕೆಲವೇ ತಿಂಗಳಲ್ಲಿ ಬಾಟಲಿಗೆ ಬರುತ್ತದೆ. ಈ ಸುಗ್ಗಿಯಲ್ಲಿ ಅದರ ಪಾಲು ಹೆಚ್ಚಿಸಿ; 225 ಲೀಟರಿನ ಹೊಸ ಪೀಪಾಯಿಗಳ ಖರೀದಿ ಮುಂದೂಡಿ. ಬೆಲೆ ಮಾತ್ರ ಇಳಿಸಬೇಡಿ, ಮತ್ತೆ ಏರಿಸುವುದು ಬಲು ಕಷ್ಟ. ವಾರಾಂತ್ಯಕ್ಕೆ ಬೆಂಗಳೂರಿನಿಂದ ಬೆಟ್ಟಕ್ಕೆ ಬರುವವರಿಗೆ ತೋಟ ತೋರಿಸಿ, ರುಚಿ ನೋಡಲು ಕೊಟ್ಟು ಅಲ್ಲೇ ಮಾರಿ (ಪರವಾನಗಿಯ ಷರತ್ತುಗಳನ್ನು ಅಬಕಾರಿ ಇಲಾಖೆಯಲ್ಲಿ ಮೊದಲೇ ಕೇಳಿಕೊಳ್ಳಿ). ದ್ರಾಕ್ಷಿ ಕೊಟ್ಟ ರೈತರ ಬಾಕಿಯನ್ನು ಸೆಪ್ಟೆಂಬರ್‌ನಲ್ಲಿ ಬಳ್ಳಿ ಸವರುವ ಮುನ್ನವೇ ತೀರಿಸಿ. ಆಗ ಅವರಿಗೂ ಕೈಯಲ್ಲಿ ಕಾಸು ಬೇಕು. ಸಾಲದ ಪೂರ್ತಿ ಲೆಕ್ಕವನ್ನು ಅಪ್ಪನೆದುರು ಇಡಿ, ಬಚ್ಚಿಡಬೇಡಿ.